ಫೋರ್‌ಕೆಗೆ ಮುಂಚೆ ಇದ್ದಿಲು

ಕಾಗೋಡು ನಮ್ಮ ಶಿವಮೊಗ್ಗ ಜಿಲ್ಲೆಯದೇ ಊರು. 1951ರಲ್ಲಿ ಅಲ್ಲಿನ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತರು. ಉಳುವವನೇ ಹೊಲದೊಡೆಯ ಎನ್ನುವುದು ಮುಂದೆ ಕಾಯ್ದೆಯೂ ಆಯಿತು. ಆ ಕಾಯ್ದೆ ಟಿವಿಗೂ ಅನ್ವಯಿಸುತ್ತದೆ ಎಂದು ನಮ್ಮ ಅಮ್ಮ ನಂಬಿದ್ದಾಳೆ. ಹಾಲ್‌ನ 43 ಇಂಚಿನ ಫೋರ್‌ಕೆ ಟಿವಿಗೆ ಕಂತು ಕಟ್ಟುವವನು ನಾನು. ಸಂಜೆಯಿಂದ ರಿಮೋಟ್ ಹಿಡಿದು ಉಳುವವಳು ಅವಳು. ಪಹಣಿ ನನ್ನ ಹೆಸರಿಗಿದ್ದರೂ ಅನುಭವದಲ್ಲಿ ಅವಳಿದ್ದಾಳೆ. ಹೀಗಿರುವಾಗ ಪಿಯುಸಿ ಮುಗಿಸಿದ ಮಗ ಅದೇ ಟಿವಿಗೆ ಗೇಮಿಂಗ್ ಕಂಪ್ಯೂಟರ್ ಜೋಡಿಸೋಣ, ಮಾನಿಟರ್ ದುಡ್ಡು ಉಳಿಯುತ್ತೆ ಎಂದಾಗ ನಾನು ಬೆಲೆಗಿಂತ ಮೊದಲು ವೇಳೆ ಕೇಳಿದೆ. "ಅಜ್ಜಿ ಮಲಗಿದ ಮೇಲೆ" ಎಂದ.

ಫುಲ್ ಎಚ್‌ಡಿ ಪರದೆಯಲ್ಲಿ ಇರುವುದು ಸುಮಾರು 20 ಲಕ್ಷ ಚುಕ್ಕಿ. ಫೋರ್‌ಕೆ ಅಂದರೆ ಅಡ್ಡ 3840, ಉದ್ದ 2160, ಗುಣಿಸಿದರೆ 82,94,400. ಅಷ್ಟನ್ನೂ ಸೆಕೆಂಡಿಗೆ 60 ಸಲ ಹೊಸದಾಗಿ ಬರೆಯಬೇಕು. ಅದನ್ನು ದಣಿಯದೆ ಮಾಡುವ ಹೊಸ ಗ್ರಾಫಿಕ್ಸ್ ಕಾರ್ಡ್ ಸಂಬಳದವರ ಮಾತಲ್ಲ. ತೋಟ ಇದ್ದವರು, ಮಂಡಿಯಲ್ಲಿ ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಯೋಚನೆ ಮಾಡಬಹುದು.

ಮಗ ಎರಡು ಅಡ್ಡದಾರಿ ಹುಡುಕಿದ್ದ. ಒಂದು ಸೆಕೆಂಡ್ ಹ್ಯಾಂಡ್. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಎಂಬ ಕ್ರಿಪ್ಟೊ ನಾಣ್ಯ ತನ್ನ ಲೆಕ್ಕದ ಪದ್ಧತಿಯನ್ನೇ ಬದಲಿಸಿತು. ಹಳೆಯ ಲೆಕ್ಕಕ್ಕಾಗಿ ಹಗಲೂ ರಾತ್ರಿ ದುಡಿಯುತ್ತಿದ್ದ ಗ್ರಾಫಿಕ್ಸ್ ಕಾರ್ಡ್‌ಗಳು ಇದ್ದಕ್ಕಿದ್ದಂತೆ ಕೆಲಸ ಕಳೆದುಕೊಂಡು, ಸಿಕ್ಕ ಬೆಲೆಗೆ ಪೇಟೆಗೆ ಬಂದವು. (ಕಾರ್ಖಾನೆ ನಿಂತರೆ ಏನಾಗುತ್ತದೆಂದು ಎಂಪಿಎಂ ಕಾಗದದ ಕಾರ್ಖಾನೆ ನಿಂತದ್ದನ್ನು ಕಂಡ ಭದ್ರಾವತಿಯವರಿಗೆ ಬಿಡಿಸಿ ಹೇಳಬೇಕಿಲ್ಲ.) ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಥದೊಂದು ಸಿಕ್ಕಿತು.

ಇನ್ನೊಂದು ಅಪ್‌ಸ್ಕೇಲಿಂಗ್. ಕಾರ್ಡ್ ಫುಲ್ ಎಚ್‌ಡಿಗಾಗುವಷ್ಟೇ ಚುಕ್ಕಿ ಬರೆಯುತ್ತದೆ. ಆಗಷ್ಟೇ ಹೋದ ಚಿತ್ರಗಳನ್ನು ನೆನಪಿಟ್ಟುಕೊಂಡು ಮಿಕ್ಕ ಮುಕ್ಕಾಲು ಪಾಲನ್ನು ತುಂಬಿಸುತ್ತದೆ.

"ಒಬ್ಬರಿಗೆ ಮಾಡಿದ ಸಾರಿಗೆ ನೀರು ಹಾಕಿ ನಾಲ್ಕು ಜನಕ್ಕೆ ಬಡಿಸಿದ ಹಾಗೆ" ಎಂದಳು ಹೆಂಡತಿ.

"ಅಲ್ಲಮ್ಮ, ರುಚಿ ಕೆಡಲ್ಲ."

"ಹಂಗಾದ್ರೆ ಮೊದಲು ಅಡುಗೆಮನೆಗೆ ತಾ."

ಸೋಫಾ ಇರುವುದು ಟಿವಿಯಿಂದ ಹತ್ತು ಅಡಿ ದೂರ. ಅಷ್ಟು ದೂರದಿಂದ 43 ಇಂಚಿನ ಪರದೆಯಲ್ಲಿ ಫೋರ್‌ಕೆಗೂ ಫುಲ್ ಎಚ್‌ಡಿಗೂ ಇರುವ ಅಂತರ ಒಳ್ಳೆಯ ಕಣ್ಣಿಗೇ ಕಾಣುವುದು ಕಷ್ಟ, ನನ್ನ ಚಾಳೀಸಿಗಂತೂ ದೇವರೇ ಗತಿ. ಈ ಮಾತನ್ನು ಮಗನ ಮುಂದೆ ಆಡಲಿಲ್ಲ. ವಯಸ್ಸಿನ ಹುಡುಗರ ಶ್ರದ್ಧೆಯನ್ನು ಗಣಿತದಿಂದ ಕೆಡಿಸಬಾರದು.

ಕಂಪ್ಯೂಟರ್ ಜೋಡಿಸಿದ ದಿನ ಭದ್ರಾವತಿ ನ್ಯೂಟೌನಿನಿಂದ ಮಾವ ಬಂದರು. ಅಲ್ಲಿನ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಒಳಗೇನಿದೆ ಎಂದು ಕೇಳದೆ ಕ್ಯಾಬಿನೆಟ್ಟಿನ ನೆತ್ತಿಗೆ ಗೆಣ್ಣಿನಿಂದ ಕುಟ್ಟಿ, "ಇದನ್ನ ಕಬ್ಬಿಣ ಅಂತ ಮಾರಿದ್ರಾ?" ಎಂದರು. ಆಮೇಲೆ ಹಿಂದಿನ ಸ್ಕ್ರೂ ಮುಟ್ಟಿ ತಟ್ಟನೆ ಕೈ ತೆಗೆದರು. ಜುಮ್ಮೆಂದಿತ್ತು. ಜೇಬಿನಿಂದ ಟೆಸ್ಟರ್ ಬಂತು. ತುದಿ ಸ್ಕ್ರೂಗೆ ತಾಗಿದ್ದೇ ಅದರೊಳಗಿನ ದೀಪ ಮಿಣುಕಿತು. ಸ್ವಿಚ್‌ಬೋರ್ಡ್ ಬಿಚ್ಚಿ ನೋಡಿದರೆ ಸಾಕೆಟ್ಟಿಗೆ ಮೂರು ತೂತು, ಒಳಗೆ ಬಂದಿರುವುದು ಎರಡೇ ವೈರು. ಅರ್ಥಿಂಗ್‌ಗೆಂದು ಇರುವ ಮೇಲಿನ ದೊಡ್ಡ ತೂತು ಬರೀ ಅಲಂಕಾರಕ್ಕೆ.

ಕಂಪ್ಯೂಟರಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಒಳಗೆ ಕರೆಂಟಿನ ಕೊಳೆ ಸೋಸುವ ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಅವುಗಳ ಒಂದು ಕಾಲು ಸದಾ ಕ್ಯಾಬಿನೆಟ್ಟಿನ ಮೈಮೇಲೆ. ಅರ್ಥಿಂಗ್ ಇದ್ದರೆ ಸೋರಿದ್ದು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ 230 ವೋಲ್ಟಿನ ಅರ್ಧದಷ್ಟು ಆ ತಗಡಿನ ಮೇಲೆಯೇ ಠಿಕಾಣಿ ಹೂಡುತ್ತದೆ. ಸಾಯಿಸುವಷ್ಟು ಕರೆಂಟು ಅದರಲ್ಲಿಲ್ಲ, ಸಲುಗೆಯೂ ಒಳ್ಳೆಯದಲ್ಲ.

ಮಗನ ಪಟ್ಟಿಯಲ್ಲಿ ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಎಚ್‌ಡಿಎಂಐ ಕೇಬಲ್ ಎಲ್ಲ ಇದ್ದವು. ಅರ್ಥಿಂಗ್‌ಗೆ ಗುಂಡಿ ತೋಡುವವನ ಕೂಲಿ ಇರಲಿಲ್ಲ. ಹಿತ್ತಲಲ್ಲಿ ಗುಂಡಿ ತೆಗೆಸಿ, ನಡುವೆ ಜಿಐ ಪೈಪು ನಿಲ್ಲಿಸಿ, ಸುತ್ತ ಒಂದು ಪದರ ಉಪ್ಪು, ಒಂದು ಪದರ ಇದ್ದಿಲು ಹಾಕಿಸಿದೆವು. ಇದ್ದಿಲು ಶಿವಮೊಗ್ಗದಲ್ಲೂ ಸಿಗುತ್ತದೆ ಎಂದರೆ ಮಾವ ಕೇಳಬೇಕಲ್ಲ! ಭದ್ರಾವತಿಯಿಂದಲೇ ಚೀಲ ಹೊತ್ತು ಬಸ್ಸಿನಲ್ಲಿ ಬಂದರು. ಅವರ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದಾಗ ಕುಲುಮೆಗೆ ಬಿದ್ದದ್ದು ಕಲ್ಲಿದ್ದಲಲ್ಲ, ಮಲೆನಾಡಿನ ಕಾಡಿನ ಇದ್ದಿಲು. ಸೌದೆ ಸುಡುವಾಗ ಏಳುವ ಹೊಗೆಯನ್ನೂ ದಂಡ ಮಾಡದೆ ಭಟ್ಟಿ ಇಳಿಸಿ ರಾಸಾಯನಿಕ ತೆಗೆಯುತ್ತಿದ್ದರು. "ಬಡ್ಜೆಟ್ ಅಂದ್ರೆ ಅದು" ಎಂದು ಮೊಮ್ಮಗನ ಕಡೆ ನೋಡಿದರು.

ಅಮ್ಮನ ಒಪ್ಪಿಗೆ ತಾನಾಗಿ ಬಂತು. ಆಷಾಢದ ಜಡಿಮಳೆಯಲ್ಲಿ ಒಣಗದ ಬಟ್ಟೆಗಳಿಗೆ ಜಾಗ ಹುಡುಕುತ್ತಿದ್ದವಳಿಗೆ ಕ್ಯಾಬಿನೆಟ್ಟಿನ ಹಿಂದಿನ ಫ್ಯಾನಿನಿಂದ ಬೆಚ್ಚಗೆ ಗಾಳಿ ಬರುವುದು ಗೊತ್ತಾಯಿತು. "ಇನ್ನೊಂದು ಆಟ ಆಡೋ, ಈ ಟವೆಲ್ ಇನ್ನೂ ಹಸಿ ಇದೆ" ಎಂದು ಈಗ ಅವಳೇ ಹೇಳುತ್ತಾಳೆ. ಟವೆಲನ್ನು ಒಂದಡಿ ದೂರ ಹಿಡಿ ಎಂಬುದೊಂದೇ ಮಗನ ಷರತ್ತು.

ಅರ್ಥಿಂಗ್ ಆದ ರಾತ್ರಿ ಮಾವನ ಎದುರಿಗೇ ಆಟ ಶುರುವಾಯಿತು. ನಾಯಕ ಯಾವುದೋ ಉಕ್ಕಿನ ಕಾರ್ಖಾನೆಗೆ ನುಗ್ಗಿದ. ಕರಗಿದ ಲೋಹ ಕಾಲುವೆಯಲ್ಲಿ ಹರಿಯುತ್ತಿತ್ತು, ಕಿಡಿ ಕಿಡಿಯೂ ಬಿಡಿಬಿಡಿಯಾಗಿ ಹಾರುತ್ತಿತ್ತು. ಮಗ ಹೆಮ್ಮೆಯಿಂದ ತಿರುಗಿದ. ಮಾವ ಸೋಫಾದಿಂದ ಎದ್ದು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತಿದ್ದರು.

"ಹೆಲ್ಮೆಟ್ ಇಲ್ಲ, ಬೂಟ್ಸ್ ಇಲ್ಲ, ಮೆಟಲ್ ಪಕ್ಕದಲ್ಲೇ ಓಡ್ತಿದಾನೆ. ಯಾವ ಶಿಫ್ಟೋ ಇದು?"

"ತಾತ, ಅವನು ಹೀರೋ."

"ಹೀರೋ ಆದ್ರೆ ಆಗ್ಲಿ. ಫೋರ್‌ಮನ್ ಎಲ್ಲಿ ಸತ್ತ? ಮೊದಲು ಅವನನ್ನ ಕರಿ!"