ಡಬಲ್ಸ್ ಎರಡಕ್ಕೆ ಯಾರು?

ಕ್ರಿಕೆಟ್ ತಂಡ ಆರಿಸಲು ನಮ್ಮಲ್ಲಿ ಆಯ್ಕೆ ಸಮಿತಿಯೇ ಬೇಕೆಂದೇನಿಲ್ಲ. ಕಟಿಂಗ್ ಶಾಪಿನಲ್ಲಿ ಸರದಿಗೆ ಕಾದು ಕೂತವರು ಸಾಕು. ಹನ್ನೊಂದು ಜನರನ್ನು ಆರಿಸಿ, ಇಬ್ಬರನ್ನು ಕೈಬಿಟ್ಟು, ಕೋಚ್‌ಗೆ ನಾಲ್ಕು ಬೈದು, ಮುಂದಿನವರ ಶೇವಿಂಗ್ ಮುಗಿಯುವಷ್ಟರಲ್ಲಿ ವಿಶ್ವಕಪ್ಪನ್ನೂ ಗೆದ್ದುಕೊಟ್ಟಿರುತ್ತಾರೆ. ಆದರೂ ಅಲ್ಲಿ ಆಡುವವರು ರಕ್ತಮಾಂಸದ ಮನುಷ್ಯರು. ಅವರಿಗೊಂದು ಸರಾಸರಿ ಇದೆ, ಮಂಡಿನೋವಿದೆ, ಪಿಚ್ ಎಂಬುದೊಂದಿದೆ. ಜಪಾನಿನ ಒಬ್ಬ ವ್ಯಂಗ್ಯಚಿತ್ರಕಾರ ಮಸಿಯಲ್ಲಿ ಬರೆದ ಹುಡುಗರ ಟೆನಿಸ್ ತಂಡದಲ್ಲಿ ಮುಂದಿನ ಪಂದ್ಯಕ್ಕೆ ಯಾರು ಇಳಿಯುತ್ತಾರೆ ಎಂದು ನಿದ್ದೆಗೆಡುವವರನ್ನು ನೋಡಿದ ಮೇಲೆ, ಕಟಿಂಗ್ ಶಾಪಿನವರು ನನಗೆ ವಿಜ್ಞಾನಿಗಳ ಹಾಗೆ ಕಾಣುತ್ತಾರೆ.

ಆ ಚಿತ್ರಕಥೆಯ, ಅಂದರೆ ಮಂಗಾದ, ಹೆಸರು ‘ದಿ ಪ್ರಿನ್ಸ್ ಆಫ್ ಟೆನಿಸ್’. ಕರ್ತೃ ತಕೇಶಿ ಕೊನೊಮಿ. 1999ರಿಂದ 2008ರವರೆಗೆ ‘ವೀಕ್ಲಿ ಶೋನೆನ್ ಜಂಪ್’ನಲ್ಲಿ ವಾರವಾರ ಬಂದು 42 ಸಂಪುಟವಾಯಿತು. ಅಷ್ಟು ಸಾಲದೆ 2009ರಿಂದ ‘ಜಂಪ್ ಸ್ಕ್ವೇರ್’ ಮಾಸಿಕದಲ್ಲಿ ಎರಡನೆಯ ಅಧ್ಯಾಯವೂ ಶುರುವಾಯಿತು. ಕಥೆ ಇಷ್ಟೇ: ಅಮೆರಿಕದಿಂದ ಬಂದ ಹನ್ನೆರಡರ ಪೋರ ಎಚಿಜೆನ್ ರ್ಯೋಮ ಟೋಕಿಯೊದ ಸೇಗಾಕು ಶಾಲೆ ಸೇರುತ್ತಾನೆ, ತನಗಿಂತ ಒಂದು ಮೊಳ ಎತ್ತರದವರನ್ನೆಲ್ಲ ಸೋಲಿಸುತ್ತಾನೆ, ನಿಮಗಿನ್ನೂ ಆಟ ಬರಲ್ಲ ಎನ್ನುವ ಹಾಗೆ ಟೋಪಿ ಸರಿಮಾಡಿಕೊಂಡು ಹೊರಡುತ್ತಾನೆ. ಮಿಕ್ಕವರೂ ಹದಿಮೂರರಿಂದ ಹದಿನೈದರ ಮಿಡ್ಲ್ ಸ್ಕೂಲ್ ಹುಡುಗರೇ. ಆದರೆ ಸೇಗಾಕುವಿನ ನಾಯಕ ತೆಜುಕಾನ ಮುಖ ನೋಡಿದರೆ ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದವನಂತಿದ್ದಾನೆ.

ಒಂದು ಶಾಲೆಗೂ ಇನ್ನೊಂದು ಶಾಲೆಗೂ ಪಂದ್ಯ ಎಂದರೆ ಐದು ಆಟ. ಎರಡು ಡಬಲ್ಸ್, ಮೂರು ಸಿಂಗಲ್ಸ್, ಒಂದೊಂದಕ್ಕೂ ಒಂದು ಸಂಖ್ಯೆ. ಮೂರು ಗೆದ್ದವರು ಮುಂದಕ್ಕೆ. ಅಂದರೆ ಏಳು ಕುರ್ಚಿ. ಸೇಗಾಕುವಿನಲ್ಲಿ ಓದುಗರು ಮನಸ್ಸಿಟ್ಟ ಹುಡುಗರು ಒಂಬತ್ತು. ಏಳು ಕುರ್ಚಿಗೆ ಒಂಬತ್ತು ಜನ ಎಂದ ಮೇಲೆ ರಾಜಕೀಯ ಶುರುವಾಯಿತೆಂದೇ ಲೆಕ್ಕ. ನನ್ನ ಅಕ್ಕನ ಮಗಳು ಒಮ್ಮೆ ಕಾಗದ ಪೆನ್ಸಿಲ್ ಹಿಡಿದು ಕೂತು ಗುಣಿಸಿದಳು. ಒಂಬತ್ತು ಜನರಲ್ಲಿ ಮೂವರನ್ನು ಕ್ರಮವಾಗಿ ಸಿಂಗಲ್ಸಿಗೆ ಹಾಕಿ, ಉಳಿದ ಆರರಲ್ಲಿ ಎರಡು ಜೋಡಿ ಕಟ್ಟಿದರೆ ಒಟ್ಟು 45,360 ಬಗೆಯ ಪಟ್ಟಿ. ‘ಮಾವ, ಇದರಲ್ಲಿ ಒಂದು ಸರಿ’ ಎಂದಳು. ಪಿಯುಸಿಯಲ್ಲಿ ಗಣಿತ ಎಂದರೆ ತಲೆನೋವು ಬರುತ್ತಿತ್ತು ಇವಳಿಗೆ.

ಆ ನಲವತ್ತೈದು ಸಾವಿರವನ್ನು ಐದಾರಕ್ಕೆ ಇಳಿಸುವುದೇ ಪಟ್ಟಿ ಊಹಿಸುವ ಭವಿಷ್ಯಕಾರರ ವಿದ್ಯೆ. ಅವರು ಮೊದಲು ನೋಡುವುದು ಡಬಲ್ಸ್ ಜಾತಕ. ಓಯಿಶಿಗೂ ಕಿಕುಮಾರುವಿಗೂ ಮೂವತ್ತಾರು ಗುಣ ಕೂಡುತ್ತದೆ. ಅವರಿಗೆ ಕಥೆಯಲ್ಲೇ ‘ಗೋಲ್ಡನ್ ಪೇರ್’ ಎಂಬ ಬಿರುದು. ಇನುಯಿಗೂ ಕೈದೊಗೂ ಪರವಾಗಿಲ್ಲ, ತಕ್ಕಮಟ್ಟಿಗೆ ಹೊಂದುತ್ತದೆ. ರ್ಯೋಮ–ಮೊಮೊಶಿರೊ ಮಾತ್ರ ಕೂಡದ ಸಂಬಂಧ. ಜಿಲ್ಲಾ ಮಟ್ಟದ ಮೊದಲ ಪಂದ್ಯಕ್ಕೆ ಇವರಿಬ್ಬರೂ ಹಟ ಹಿಡಿದು ಡಬಲ್ಸ್ ಎರಡಕ್ಕೆ ಇಳಿದರು. ಮಧ್ಯಕ್ಕೆ ಬಂದ ಚೆಂಡಿಗೆ ಇಬ್ಬರೂ ನುಗ್ಗಿ ಡಿಕ್ಕಿ ಹೊಡೆದುಕೊಂಡ ಮೇಲೆ, ಅಂಕಣವನ್ನು ಉದ್ದುದ್ದಕ್ಕೆ ಎರಡು ಪಾಲು ಮಾಡಿಕೊಂಡು, ಈ ಕಡೆ ಬಂದದ್ದು ನನ್ನದು ಆ ಕಡೆ ಬಂದದ್ದು ನಿನ್ನದು ಎಂದು ಅಕ್ಕಪಕ್ಕ ಎರಡು ಸಿಂಗಲ್ಸ್ ಆಡಿ ಗೆದ್ದರು. ಕೋಚ್ ರ್ಯೂಜಾಕಿ ಅಜ್ಜಿಗೆ ಗೆಲುವಿನ ಸಂತೋಷಕ್ಕಿಂತ ಮರ್ಯಾದೆ ಹೋದ ಸಂಕಟವೇ ಹೆಚ್ಚಾಯಿತು. ಆವತ್ತಿನಿಂದ ರ್ಯೋಮನನ್ನು ಡಬಲ್ಸಿಗೆ ಬರೆದ ಭವಿಷ್ಯಕಾರನನ್ನು ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳುವುದಿಲ್ಲ.

ಆಮೇಲೆ ನೋಡುವುದು ಗಾಯ. ಆಮೇಲೆ ಎದುರಾಳಿಯ ಬಲಾಬಲ. ಇಷ್ಟೆಲ್ಲ ಅಳೆದು ಸುರಿದು, ಕಾಂಟೋ ಟೂರ್ನಿಯ ಮೊದಲ ಸುತ್ತಿನಲ್ಲಿ ಹ್ಯೋತೇ ಶಾಲೆಯ ಎದುರು ಡಬಲ್ಸಿಗೆ ಗೋಲ್ಡನ್ ಪೇರ್ ಎಂದು ಬರೆದವರ ಗತಿ ಏನಾಯಿತು? ಓಯಿಶಿ ಮೈದಾನಕ್ಕೆ ಬರುವ ದಾರಿಯಲ್ಲಿ ಗರ್ಭಿಣಿಯೊಬ್ಬರು ಬೀಳದಂತೆ ಹಿಡಿಯಲು ಹೋಗಿ ಮಣಿಕಟ್ಟು ಉಳುಕಿಸಿಕೊಂಡ. ಅವನ ಜಾಗಕ್ಕೆ ಮೊಮೊಶಿರೊ ಬಂದ. ಮೊಮೊಶಿರೊ–ಕಿಕುಮಾರು ಎಂಬ ಜೋಡಿ ಯಾರ ಪಟ್ಟಿಯಲ್ಲಿತ್ತು ಸ್ವಾಮಿ? ಆ ಜೋಡಿ ಗೆದ್ದೂ ಬಿಟ್ಟಿತು. ಕಾದಿಟ್ಟ ಇನುಯಿ–ಕೈದೊ ಜೋಡಿ ಸೋತಿತು.

ಅಲ್ಲಿಗೆ ಮುಗಿಯಲಿಲ್ಲ. ಸಿಂಗಲ್ಸ್ ಮೂರರಲ್ಲಿ ಸುಶಿ ಅಂಗಡಿಯವನ ಮಗ ಕವಮುರ. ರ‍್ಯಾಕೆಟ್ ಕೈಯಲ್ಲಿಲ್ಲದಾಗ ಇವನು ದೇವರಂಥ ಹುಡುಗ. ಕೈಗೆ ಕೊಟ್ಟರೆ ಇಂಗ್ಲಿಷಿನಲ್ಲಿ ಅರಚಾಡುತ್ತಾನೆ. ಅವನೂ ಹ್ಯೋತೇಯ ದೈತ್ಯ ಕಬಾಜಿಯೂ ತೋಳು ಮುರಿಯುವಂಥ ಒಂದೇ ಹೊಡೆತವನ್ನು ಒಬ್ಬರಿಗೊಬ್ಬರು ಬಾರಿಸಿಕೊಂಡರು. ಇವನು ಹೊಡೆದ, ಅವನು ನೋಡಿ ಕಲಿತು ಹೊಡೆದ, ಇವನು ಮತ್ತೆ ಹೊಡೆದ. ಕೊನೆಗೆ ಇಬ್ಬರಿಗೂ ರ‍್ಯಾಕೆಟ್ ಹಿಡಿಯಲಾಗದೆ ಆಟವೇ ರದ್ದು. ಸಿಂಗಲ್ಸ್ ಎರಡರಲ್ಲಿ ಸೇಗಾಕುವಿನ ಫುಜಿ ಗೆದ್ದ. ಸಿಂಗಲ್ಸ್ ಒಂದರಲ್ಲಿ ತೆಜುಕಾ, ಹ್ಯೋತೇಯ ಇನ್ನೂರು ಜನರ ಕ್ಲಬ್ಬಿನ ದೊರೆ ಅತೊಬೆಯ ಎದುರು ಭುಜ ಕಳಚಿಕೊಂಡು ಆಡಿ, ಟೈಬ್ರೇಕರಿನಲ್ಲಿ 35–37ರಿಂದ ಸೋತ. ಆಚೆಗೆ ಎರಡು, ಈಚೆಗೆ ಎರಡು, ಒಂದು ರದ್ದು. ಆಗ ಎಲ್ಲರಿಗೂ ನೆನಪಾದದ್ದು ಬೆಂಚಿನ ತುದಿಯಲ್ಲಿ ಫಾಂಟಾ ಕುಡಿಯುವ ಕಥಾನಾಯಕ. ರ್ಯೋಮ ಅವತ್ತು ಬರೀ ಮೀಸಲು ಆಟಗಾರ! ಅವನು ಬಂದು ಹ್ಯೋತೇಯ ಹಿಯೋಶಿಯನ್ನು ಸೋಲಿಸಿ ತಂಡ ಉಳಿಸಿದ.

ಗಮನಿಸಿ. ಕಥಾನಾಯಕನನ್ನು ಮೀಸಲಿನಲ್ಲಿಟ್ಟು, ಆ ಮೀಸಲಿಗೆ ಕೆಲಸ ಕೊಡಲು ಇಬ್ಬರು ಹುಡುಗರ ತೋಳು ಮುರಿಸಿದರು ಕೊನೊಮಿ. ಇದರಲ್ಲಿ ಟೆನಿಸ್ ಲೆಕ್ಕ ಎಷ್ಟಿದೆ? ಅಲ್ಲಿಂದ ತೆಜುಕಾನನ್ನು ಭುಜದ ಚಿಕಿತ್ಸೆಗೆಂದು ಕ್ಯೂಶುವಿಗೆ ಸಾಗಹಾಕಿದರು. ಫೈನಲ್ಲಿಗೆ ‘ಸಿಂಗಲ್ಸ್ ಒಂದು: ತೆಜುಕಾ’ ಎಂದು ಮುಂಗಡವಾಗಿ ಬರೆದಿಟ್ಟವರೆಲ್ಲ ತಲೆಯ ಮೇಲೆ ಕೈಹೊತ್ತು ಕೂತರು.

ಅದಕ್ಕೇ ನಾನು ಹೇಳುವುದು, ಪಟ್ಟಿ ಊಹಿಸುವವರು ಎದುರಾಳಿ ಶಾಲೆಯನ್ನು ಅಭ್ಯಾಸ ಮಾಡಿ ಪ್ರಯೋಜನವಿಲ್ಲ; ಅಭ್ಯಾಸ ಮಾಡಬೇಕಾದದ್ದು ಕೊನೊಮಿಯನ್ನು. ಯಾವ ಹುಡುಗನ ಬಾಲ್ಯದ ಕಥೆ ಇನ್ನೂ ಹೇಳಿಲ್ಲ? ಯಾರು ಹೋದ ಸಲ ಅವಮಾನಪಟ್ಟು ಮೂಲೆಯಲ್ಲಿ ಹಲ್ಲು ಕಡಿಯುತ್ತಿದ್ದಾನೆ? ಯಾರಿಗೆ ಎದುರು ತಂಡದಲ್ಲಿ ಹಳೇ ದೋಸ್ತ್ ಇದ್ದಾನೆ? ಅವನಿಗೆ ಕುರ್ಚಿ ಗ್ಯಾರಂಟಿ. ಕಾಂಟೋ ಫೈನಲ್ ನೋಡಿ. ಎದುರಿಗೆ ಸತತ ಹದಿನೈದು ವರ್ಷ ಕಾಂಟೋ ಗೆದ್ದ ರಿಕ್ಕೈ ಶಾಲೆ. ಸಿಂಗಲ್ಸ್ ಮೂರಕ್ಕೆ ಇನುಯಿ ಬಂದ. ಯಾಕೆ? ಆಚೆ ಕಡೆಯ ಯಾನಾಗಿ ಇವನ ಚಿಕ್ಕಂದಿನ ಡಬಲ್ಸ್ ಜೊತೆಗಾರ. ಒಂದು ಆಟ ಅರ್ಧಕ್ಕೆ ಬಿಟ್ಟು ಊರು ಬದಲಾಯಿಸಿ ಹೋದವನು. ಅರ್ಧಕ್ಕೆ ನಿಂತ ಆಟ ಮುಗಿಸದೆ ಯಾವ ಕಥೆಗಾರ ಬಿಟ್ಟಾನು?

ಅದೇ ಫೈನಲ್ಲಿನ ಡಬಲ್ಸ್ ಒಂದು ಮಾತ್ರ ಶುದ್ಧ ಪೋಕರಿತನ. ರಿಕ್ಕೈ ಕಡೆಯಿಂದ ನಿಯೊ ಮತ್ತು ಯಾಗ್ಯೂ ಬರುತ್ತಾರೆಂದು ಸರಿಯಾಗಿ ಊಹಿಸಿದವರಿದ್ದರು ಅನ್ನಿ. ಆಟ ಅರ್ಧ ನಡೆದ ಮೇಲೆ ಗೊತ್ತಾಯಿತು, ನಿಯೊ ಎಂದುಕೊಂಡವನು ಯಾಗ್ಯೂ, ಯಾಗ್ಯೂ ಎಂದುಕೊಂಡವನು ನಿಯೊ. ವಿಗ್ಗು ಕನ್ನಡಕ ಅದಲು ಬದಲು ಮಾಡಿಕೊಂಡು ಬಂದಿದ್ದರು. ಪಟ್ಟಿಯಲ್ಲಿ ಹೆಸರು ಸರಿಯಾಗಿದ್ದೂ ಮೋಸ ಹೋಗಬಹುದು ಎಂದಾದರೆ ಪಾಪ, ಊಹೆ ಮಾಡುವವರು ಹೋಗಿ ಯಾರನ್ನು ಕೇಳಬೇಕು?

ಇದನ್ನೆಲ್ಲ ಹೇಳಿದರೆ ಅಕ್ಕನ ಮಗಳು ಒಪ್ಪುವುದಿಲ್ಲ. ‘ನಿಂಗೆ ಡೇಟಾ ಮೇಲೆ ಗೌರವ ಇಲ್ಲ ಮಾವ’ ಎನ್ನುತ್ತಾಳೆ. ಡೇಟಾ ಗೌರವಿಸುವವರನ್ನು ಕೊನೊಮಿ ಏನು ಮಾಡುತ್ತಾರೆ ಎಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ನೋಟ್‌ಬುಕ್ ಹಿಡಿದು ಎಲ್ಲರ ಹೊಡೆತಕ್ಕೂ ಶೇಕಡಾವಾರು ಹೇಳುವ ಇನುಯಿ, ಆ ಯಾನಾಗಿಯನ್ನು ಗೆದ್ದದ್ದು ಡೇಟಾವನ್ನು ಬಿಸಾಕಿ ಆಡಿದ ಮೇಲೆ. ಅದಕ್ಕೂ ಮೊದಲು, ಸೇಂಟ್ ರುಡಾಲ್ಫ್ ಶಾಲೆಯ ಮಿಜುಕಿ ಇದ್ದನಲ್ಲ, ಭವಿಷ್ಯಕಾರರ ಕುಲಗುರು! ಬೆರಳಲ್ಲಿ ಕೂದಲಿನ ಸುರುಳಿ ತಿರುವುತ್ತಾ ಸೇಗಾಕುವಿನ ಯಾರು ಎಲ್ಲಿ ಆಡುತ್ತಾರೆ, ಯಾರ ದೌರ್ಬಲ್ಯ ಏನು ಎಂದೆಲ್ಲ ಲೆಕ್ಕ ಹಾಕಿಟ್ಟಿದ್ದ. ಫುಜಿಯ ಎದುರು ತಾನೇ ಇಳಿದು ಐದು ಗೇಮ್ ಸಾಲಾಗಿ ಗೆದ್ದ. 5–0. ಡೇಟಾ ಪ್ರಕಾರವೇ ನಡೀತಿದೆ ಎಂದು ನಗುತ್ತಿದ್ದ. ಆ ಐದನ್ನೂ ಫುಜಿ ಬೇಕೆಂದೇ ಬಿಟ್ಟುಕೊಟ್ಟಿದ್ದ. ತನ್ನ ತಮ್ಮ ಯೂತನಿಗೆ ಭುಜ ಕೆಡಿಸುವ ಹೊಡೆತ ಕಲಿಸಿದ ಮನುಷ್ಯ ಇವನು ಎಂಬ ಸಿಟ್ಟನ್ನು ಮುಖದ ನಗೆಯೊಳಗೇ ಇಟ್ಟುಕೊಂಡಿದ್ದ. ಆಮೇಲೆ ಕಣ್ಣು ತೆರೆದ. ಮಾಮೂಲಿಗೆ ಮುಚ್ಚಿದಂತಿರುವ ಕಣ್ಣು ಅದು. ತೆರೆದರೆ ಎದುರಿನವನ ಗ್ರಹಚಾರ ಕೆಟ್ಟಿತೆಂದೇ ಅರ್ಥ. ಏಳು ಗೇಮ್ ಸಾಲಾಗಿ ಎತ್ತಿ 7–5. ಮಿಜುಕಿಯ ಆ ಮುಖವನ್ನು ನಾನು ಅಕ್ಕನ ಮಗಳಿಗೆ ಆಗಾಗ ತೆರೆದು ತೋರಿಸುತ್ತಿರುತ್ತೇನೆ. ಅವಳು ಪುಟ ಮಗುಚಿಬಿಡುತ್ತಾಳೆ.

ರಾಷ್ಟ್ರಮಟ್ಟಕ್ಕೆ ಹೋದ ಮೇಲಂತೂ ಆಡುವ ಕ್ರಮವೂ ಬದಲಾಯಿತು. ಮೊದಲು ಸಿಂಗಲ್ಸ್ ಮೂರು, ಆಮೇಲೆ ಡಬಲ್ಸ್ ಎರಡು, ಹೀಗೆ ಒಂದು ಬಿಟ್ಟು ಒಂದು. ಸೆಮಿಫೈನಲ್ಲಿನಲ್ಲಿ ಒಸಾಕಾದ ಶಿತೆನ್‌ಹೋಜಿ ವಿರುದ್ಧ ಡಬಲ್ಸಿಗೆ ತೆಜುಕಾ ಮತ್ತು ಇನುಯಿ! ಡಬಲ್ಸಿಗೂ ತೆಜುಕಾಗೂ ಎಣ್ಣೆ ಸೀಗೆಕಾಯಿ ಎಂದೇ ಎಲ್ಲರ ನಂಬಿಕೆ. ಆಟ ಶುರುವಾದ ಮೇಲೆ ನೋಡಿದರೆ ತೆಜುಕಾ ಮತ್ತು ಆಚೆ ಕಡೆಯ ಚಿತೊಸೆ ಇಬ್ಬರೇ ಆಡುತ್ತಿದ್ದಾರೆ, ಇನುಯಿಯೂ ಚಿತೊಸೆಯ ಜೊತೆಗಾರ ಜೈಜೆನ್ನೂ ಅಂಕಣದೊಳಗೇ ನಿಂತ ಪ್ರೇಕ್ಷಕರು. ಅಷ್ಟು ಹತ್ತಿರದ ಸೀಟು ದುಡ್ಡು ಕೊಟ್ಟರೂ ಸಿಗದು. ಅದೇ ಪಂದ್ಯದ ಸಿಂಗಲ್ಸ್ ಎರಡಕ್ಕೆ ಮತ್ತೆ ನಮ್ಮ ಸುಶಿ ಕವಮುರ. ಎದುರಿಗೆ 108 ದರ್ಜೆಯ ಹೊಡೆತ ಬಲ್ಲ, ಸನ್ಯಾಸಿಯಂತೆ ಕೈಮುಗಿಯುವ ಇಶಿದ ಗಿನ್. ಕವಮುರ ಚೆಂಡಿನ ಜೊತೆ ಪ್ರೇಕ್ಷಕರ ಮೆಟ್ಟಿಲಿಗೆ ಹಾರಿ ಬಿದ್ದ, ಎದ್ದು ಬಂದ, ಮತ್ತೆ ಹಾರಿದ. ಮತ್ತೆ ಮತ್ತೆ ಎದ್ದು ಬಂದು ಬಂದು, ಗಿನ್‌ನ ಮಣಿಕಟ್ಟೇ ಕೈಕೊಟ್ಟು, ಗೆದ್ದ. ಈ ಒಂದು ಆಟಕ್ಕಾಗಿ ನಾನು ಕೊನೊಮಿಯ ಬೇರೆಲ್ಲ ಬುರುಡೆಯನ್ನೂ ಮಾಫಿ ಮಾಡಿದ್ದೇನೆ. ಮಿಡ್ಲ್ ಸ್ಕೂಲ್ ಮುಗಿದರೆ ಟೆನಿಸ್ ಬಿಟ್ಟು ಅಪ್ಪನ ಅಂಗಡಿಯಲ್ಲಿ ಚಾಕು ಹಿಡಿಯುವವನು ಆ ಹುಡುಗ. ಆಡುವಷ್ಟು ದಿನ ಅವನಿಗೆ ಒಳ್ಳೇ ಕುರ್ಚಿ ಸಿಗಲಿ ಎಂದು ನಾನೂ, ಯಾವ ಲೆಕ್ಕವೂ ಇಲ್ಲದೆ, ಅವನ ಹೆಸರನ್ನು ಪಟ್ಟಿಯಲ್ಲಿ ಬರೆಯುತ್ತೇನೆ.

ಇಷ್ಟರಲ್ಲಿ ಸೇಗಾಕು ಗೆದ್ದೇ ಬಿಟ್ಟದ್ದರಿಂದ ಸಿಂಗಲ್ಸ್ ಒಂದು ನಡೆಯಲೇ ಇಲ್ಲ. ಸಿಂಗಲ್ಸ್ ಒಂದಕ್ಕೆ ರ್ಯೋಮ ಎಂದು ಸರಿಯಾಗಿ ಬರೆದವರಿಗೆ ಅಂಕ ಕೊಡಬೇಕೋ ಬೇಡವೋ ಎಂದು ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಜಗಳವಾಗಿದೆ. ಹುಳಿ ಆರಿಹೋಗಿದೆ.

ಇನ್ನೊಂದು ಅಂಶವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು: ಜನಪ್ರಿಯತೆ. ಪ್ರೇಮಿಗಳ ದಿನಕ್ಕೆ ಈ ಕಾಗದದ ಹುಡುಗರಿಗೆ ಓದುಗರು ಚಾಕೊಲೇಟ್ ಕಳಿಸುತ್ತಾರೆ. ಯಾರಿಗೆ ಎಷ್ಟು ಬಂತೆಂದು ಎಣಿಸಿ ಪ್ರಕಟಿಸುವ ಪದ್ಧತಿಯೂ ಇದೆ. ಅತೊಬೆಯ ಹೆಸರಿಗೆ ಬೀಳುವ ರಾಶಿ ಹೆಸರುವಾಸಿ. ಅಷ್ಟು ಚಾಕೊಲೇಟ್ ಬರುವವನನ್ನು ಬೆಂಚಿನಲ್ಲಿ ಕೂರಿಸುವ ಧೈರ್ಯ ಯಾವ ಸಂಪಾದಕನಿಗಿದೆ?

ಹೊಸ ಸರಣಿಯಲ್ಲಿ ಸಂಕಟ ಇನ್ನೂ ಹೆಚ್ಚು. ಅಲ್ಲಿ ಹದಿನೇಳರೊಳಗಿನವರ ವಿಶ್ವಕಪ್. ಶಾಲೆಗಳೆಲ್ಲ ಕಲಸಿಹೋಗಿ ನಿನ್ನೆಯ ವೈರಿಗಳು ಒಂದೇ ಜೆರ್ಸಿಯಲ್ಲಿದ್ದಾರೆ. ಮೇಲೆ ಹೈಸ್ಕೂಲಿನ ದಾಂಡಿಗರು ಬೇರೆ. ಏಳು ಕುರ್ಚಿ ಮಾತ್ರ ಏಳೇ. ತೆಜುಕಾ ಜರ್ಮನಿ ತಂಡಕ್ಕೆ ಹೋದ. ರ್ಯೋಮ ಮೊದಲು ಅಮೆರಿಕದ ಕಡೆ ಕಾಣಿಸಿಕೊಂಡು ಆಮೇಲೆ ಜಪಾನಿಗೆ ಮರಳಿದ. ನಮ್ಮ ಶಾಸಕರು ಇದನ್ನು ಓದಿದ್ದಾರೋ ಏನೋ. ಮೊದಲಾದರೆ ಯಾರು ಯಾವ ಕುರ್ಚಿ ಎಂದು ಊಹಿಸಿದರೆ ಸಾಕಿತ್ತು. ಈಗ ಯಾರು ಯಾವ ದೇಶ ಎಂಬಲ್ಲಿಂದ ಶುರುಮಾಡಬೇಕು. ಅದೂ ತಿಂಗಳಿಗೊಂದೇ ಕಂತು.

ಮುಂದಿನ ಪಟ್ಟಿಗೆ ಮೊನ್ನೆ ಪಂದ್ಯ ಕಟ್ಟೋಣ ಎಂದಳು ಅಕ್ಕನ ಮಗಳು. ದುಡ್ಡು ಬೇಡ, ಅತೊಬೆಯ ಷರತ್ತೇ ಇರಲಿ ಅಂದಳು. ರಾಷ್ಟ್ರಮಟ್ಟದ ಕ್ವಾರ್ಟರ್ ಫೈನಲ್ಲಿನಲ್ಲಿ ಅತೊಬೆಯೂ ರ್ಯೋಮನೂ ಸೋತವರು ತಲೆ ಬೋಳಿಸಬೇಕೆಂದು ಪಣ ತೊಟ್ಟು, ಟೈಬ್ರೇಕರನ್ನು 119–117ರವರೆಗೆ ಎಳೆದು, ಕೊನೆಗೆ ನಿಂತಲ್ಲೇ ಪ್ರಜ್ಞೆ ತಪ್ಪಿದ ಅತೊಬೆಯ ಕೂದಲಿಗೆ ರ್ಯೋಮ ಮೆಷಿನ್ ಹಿಡಿದಿದ್ದ. ನಾನು ತಕ್ಷಣ ಒಪ್ಪಿಕೊಂಡು ಡಬಲ್ಸ್ ಎರಡರಿಂದ ಸಿಂಗಲ್ಸ್ ಒಂದರವರೆಗೆ ಏಳು ಹೆಸರು ಬರೆದು ಸಹಿ ಹಾಕಿ ಕೊಟ್ಟೆ. ಅವಳು ಚೀಟಿ ಮಡಿಸಿ ಡಬ್ಬಿಗೆ ಹಾಕಿದ ಮೇಲೆ ನನ್ನ ತಲೆ ನೋಡಿದಳು. ಅಲ್ಲಿ ಬೋಳಿಸಲು ಉಳಿದಿರುವುದು ಕಿವಿಯ ಪಕ್ಕದ ನಾಲ್ಕೆಳೆ. ‘ಮೋಸ!’ ಎಂದು ಕೂಗಿದಳು. ಡೇಟಾ ಸರಿಯಾಗಿ ನೋಡಬೇಕಿತ್ತು ಕಣಮ್ಮ ಎಂದೆ.