ಕರೂರು ರೇಖಾಸೂತ್ರ: ಭಾಷ್ಯಸಹಿತ

ಯಾವುದೇ ಶಾಸ್ತ್ರಗ್ರಂಥ ಶುರುವಾಗುವ ಮುನ್ನ ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇವೆ. ವಿಷಯ: ದತ್ತಾಂಶ ದೃಶ್ಯೀಕರಣ, ಎಂದರೆ ಅಂಕಿಸಂಖ್ಯೆಗಳನ್ನು ಕಣ್ಣಿಗೆ ಕಾಣಿಸುವ ವಿದ್ಯೆ. ಅಧಿಕಾರಿ: ಅದನ್ನು ಕಲಿಯಹೊರಟ ಒಬ್ಬ ಡಿಸೈನ್ ವಿದ್ಯಾರ್ಥಿ; ಕಂತಿನ ಮೇಲೆ ಲ್ಯಾಪ್‌ಟಾಪ್ ಕೊಂಡಿರುವುದು ಅವನ ಅರ್ಹತೆ. ಪ್ರಯೋಜನ: ಇಂಟರ್ನ್‌ಶಿಪ್ಪಿನ ಸರ್ಟಿಫಿಕೇಟು. ಸಂಬಂಧ: ವಿದ್ಯಾರ್ಥಿಯ ಸೋದರಮಾವನಿಗೂ ದಾವಣಗೆರೆ ಕರೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನ ಸಾವ್ಕಾರ್ರಿಗೂ ಇರುವಂಥದ್ದು. ಈ ನಾಲ್ಕನೆಯದಿಲ್ಲದೆ ಮೂರನೆಯದು ಸಿದ್ಧಿಸದೆಂಬುದಕ್ಕೆ ಪ್ರತ್ಯಕ್ಷವೇ ಪ್ರಮಾಣ.

ಇನ್ನು ಪೂರ್ವಪಕ್ಷ. ಕಂಬನಕ್ಷೆಯ ಕರ್ತೃ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಎಂದು ಪಾಶ್ಚಾತ್ಯರು ವಾದಿಸುತ್ತಾರೆ. 1786ರ ತನ್ನ ಅಟ್ಲಾಸಿನಲ್ಲಿ ಆತ ದೇಶದೇಶಗಳ ವ್ಯಾಪಾರವನ್ನು ವರ್ಷದಿಂದ ವರ್ಷಕ್ಕೆ ಗೆರೆ ಎಳೆದು ತೋರಿಸುತ್ತ ಬಂದ. ಸ್ಕಾಟ್ಲೆಂಡಿನ ಸರದಿಗೆ ಕೈಯಲ್ಲಿದ್ದದ್ದು ಒಂದೇ ವರ್ಷದ ಲೆಕ್ಕ. ಒಂದು ಚುಕ್ಕಿಯಿಂದ ಗೆರೆ ಎಳೆಯಲಾಗದೆ, ಅದು ವ್ಯಾಪಾರ ಮಾಡಿದ 17 ದೇಶಗಳಿಗೂ ಅಡ್ಡಪಟ್ಟಿಗಳನ್ನು ಬರೆದ. 1801ರಲ್ಲಿ ವೃತ್ತವನ್ನು ಹೋಳು ಮಾಡಿ ಪೈ ಚಾರ್ಟನ್ನೂ ಕೊಟ್ಟ.

ಸಿದ್ಧಾಂತಿಯ ಉತ್ತರ: ಇದು ಸಲ್ಲದು. ಮೆಕ್ಕೆಜೋಳದ ಚೀಲಗಳನ್ನು ನಿಟ್ಟು ಹಾಕಿ, ಯಾವ ನಿಟ್ಟು ಎತ್ತರವೋ ಆ ಮಾಲು ಹೆಚ್ಚೆಂದು ಬಾಗಿಲಲ್ಲೇ ನಿಂತು ಹೇಳುವ ವಿದ್ಯೆ ನಮ್ಮ ಹಮಾಲರಲ್ಲಿ ಅನಾದಿ. ಇದಕ್ಕೆ ದಾಖಲೆ ಎಲ್ಲಿ ಎಂದು ಕೇಳಬಾರದು. ದಾಖಲೆ ಸಿಗದಿರುವುದೇ ಅದು ಎಷ್ಟು ಪ್ರಾಚೀನವೆಂಬುದಕ್ಕೆ ದಾಖಲೆ. ಅಂಥ ಮೌಖಿಕ ಪರಂಪರೆಯಿಂದ ಮೂರು ಸೂತ್ರಗಳನ್ನು ಇಲ್ಲಿ ಉದ್ಧರಿಸಿದೆ.

ಸೂತ್ರ 1: ದೋಸೆ ಹಿಗ್ಗಿಸಿದರೆ ಸುಳ್ಳೂ ಹಿಗ್ಗುತ್ತದೆ.

ಭಾಷ್ಯ: ವಿದ್ಯಾರ್ಥಿ ಮೊದಲ ದಿನ ಜನಸಂಖ್ಯೆಯ ನಕ್ಷೆ ಬರೆದ. 2011ರ ಜನಗಣತಿಯಂತೆ ದಾವಣಗೆರೆ ನಗರದಲ್ಲಿ ಸುಮಾರು 4.35 ಲಕ್ಷ ಜನ, ಹರಿಹರದಲ್ಲಿ ಸುಮಾರು 83 ಸಾವಿರ. ಒಂದಕ್ಕೆ ಐದರ ಲೆಕ್ಕ. ಊರಿನ ಅಭಿಮಾನದಿಂದ ಎರಡಕ್ಕೂ ಬೆಣ್ಣೆದೋಸೆಯ ಚಿತ್ರ ಹಾಕಿ, ಹರಿಹರಕ್ಕೆ ನಾಲ್ಕಂಗುಲ ಅಗಲದ ದೋಸೆ, ದಾವಣಗೆರೆಗೆ ಇಪ್ಪತ್ತಂಗುಲದ್ದು ಹುಯ್ದ. ಹರಿಹರದಿಂದ ದಿನಾ ಬಸ್ಸಿಗೆ ಬರುವ ಹಮಾಲರ ಮೇಸ್ತ್ರಿ ಅದನ್ನು ನೋಡಿ ಬೀಡಿ ಕೆಳಗಿಳಿಸಿದ.

“ಏನ್ ತಮ್ಮಾ, ನಮ್ಮೂರು ನಿನ್ ಕಣ್ಣಿಗೆ ಚಟ್ನಿ ಬಟ್ಲ ಆತೇನು?”

“ಲೆಕ್ಕ ಸರಿ ಐತಿ ಕಾಕಾ. ಐದು ಪಟ್ಟು.”

“ಅಗಲ ಐದು ಪಟ್ಟು. ಹಿಟ್ಟು ಎಷ್ಟು ಹಿಡಿತೈತಿ?”

ಇದೇ ಶಾಸ್ತ್ರದ ಮರ್ಮ. ಅಗಲ ಐದು ಪಟ್ಟಾದರೆ ಹಿಟ್ಟು ಇಪ್ಪತ್ತೈದು ಪಟ್ಟು. ಕಣ್ಣು ಅಳೆಯುವುದು ಹಂಚಿನ ಮೇಲೆ ಹರಡಿದ ಹಿಟ್ಟನ್ನೇ ಹೊರತು ದೋಸೆಯ ನಡುವೆ ಎಳೆದ ಗೆರೆಯನ್ನಲ್ಲ. ದಾವಣಗೆರೆಯ ದೋಸೆ ಒಂಬತ್ತಂಗುಲವಿದ್ದಿದ್ದರೆ ನ್ಯಾಯವಾಗುತ್ತಿತ್ತು. ಇಂಥ ಅನ್ಯಾಯವನ್ನು ಅಳೆಯಲೆಂದೇ ಅಮೆರಿಕದ ಎಡ್ವರ್ಡ್ ಟಫ್ಟಿ 1983ರಲ್ಲಿ ‘ಸುಳ್ಳಿನ ಪ್ರಮಾಣ’ ಎಂಬ ಅಳತೆಗೋಲು ಕೊಟ್ಟ: ಚಿತ್ರ ತೋರಿಸಿದ ವ್ಯತ್ಯಾಸವನ್ನು ಅಂಕಿಯಲ್ಲಿರುವ ವ್ಯತ್ಯಾಸದಿಂದ ಭಾಗಿಸುವುದು. ಒಂದು ಬಂದರೆ ಸತ್ಯ. ಒಂದರ ಮೇಲೆ ಹಿಟ್ಟು ಹೆಚ್ಚಿದ್ದು ಇಪ್ಪತ್ತನಾಲ್ಕು ಪಟ್ಟು, ಜನ ಹೆಚ್ಚಿದ್ದು ನಾಲ್ಕು ಪಟ್ಟು; ನಮ್ಮ ವಿದ್ಯಾರ್ಥಿಗೆ ಬಂದದ್ದು ಆರು.

ಪರಿಹಾರವನ್ನೂ ಮೇಸ್ತ್ರಿಯೇ ಹೇಳಿದ: “ದೋಸೆ ಬಿಡು, ಪಡ್ಡು ಇಡು. ಅವ್ರಿಗೆ ಐದು, ನಮಗ ಒಂದು. ಎಣಿಸ್ಕೆಂತಾರೆ.” 1920ರ ದಶಕದಲ್ಲಿ ವಿಯೆನ್ನಾದ ಓಟೋ ನೊಯ್ರಾಟ್ ಓದುಬರಹ ಕಡಿಮೆಯಿದ್ದ ಜನಕ್ಕೂ ಅಂಕಿಅಂಶ ತಿಳಿಯಲೆಂದು ರೂಪಿಸಿದ ಪದ್ಧತಿಯ ಮೊದಲ ನಿಯಮವೂ ಇದೇ. ಸಂಖ್ಯೆ ಹೆಚ್ಚಾದರೆ ಚಿಹ್ನೆಯನ್ನು ಊದಿಸಬೇಡಿ, ಅದೇ ಅಳತೆಯ ಚಿಹ್ನೆಗಳನ್ನು ಹೆಚ್ಚು ಇಡಿ. ನೊಯ್ರಾಟ್ ಪಡ್ಡು ತಿಂದಿದ್ದನೇ ಎಂಬ ಪ್ರಶ್ನೆಯನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇವೆ.

ಸೂತ್ರ 2: ನಂಬರ್ ಪ್ಲೇಟಿನ ಮೇಲೆ ನವಿಲು ಬೇಡ.

ಭಾಷ್ಯ: ಎರಡನೆಯ ನಕ್ಷೆಯಲ್ಲಿ ಕಂಬಗಳಿಗೆ ದಪ್ಪ ಬಂತು, ನೆರಳು ಬಂತು, ಹಿಂದೆ ಹರಿಹರೇಶ್ವರ ದೇವಸ್ಥಾನ ಬಂತು, ತಳದಲ್ಲಿ ತುಂಗಭದ್ರೆ ಹರಿದಳು. ಅಂಕಿ ಮಾತ್ರ ಎಲ್ಲಿ ಹೋಯಿತೋ ತಿಳಿಯದು. ಇಂಥ ಸಿಂಗಾರವನ್ನೂ ಟಫ್ಟಿ ಕಸವೆಂದೇ ಕರೆದಿದ್ದಾನೆ. ಸುರಿದ ಶಾಯಿಯಲ್ಲಿ ಆದಷ್ಟು ಪಾಲು ಅಂಕಿಗೇ ಸಲ್ಲಲಿ ಎಂಬುದು ಆತನ ಮತ. ಕರೂರಿನ ಮತ ಇನ್ನೂ ಸರಳ. ಶೆಡ್ಡಿನ ಮುಂದೆ ನಿಂತ ಲಾರಿಯನ್ನು ನೋಡಿ: ನೆತ್ತಿಯಲ್ಲಿ ಹದ್ದು, ಬಾಗಿಲಿಗೆ ಕಮಲ, ಹಿಂದೆ ತಾಯಿಯ ಆಶೀರ್ವಾದ, ಅದರ ಪಕ್ಕ ಕಣ್ಣು ಹಾಕುವವರಿಗೆ ಒಂದು ಚಪ್ಪಲಿ. ಇಷ್ಟೆಲ್ಲ ಬರೆದ ಪೇಂಟರ್ ನಂಬರ್ ಪ್ಲೇಟಿಗೆ ಬಂದಾಗ ಕೈ ಹಿಡಿಯುತ್ತಾನೆ. ಅಲ್ಲಿ ನವಿಲು ಬರೆದರೆ ದಂಡ ಕಟ್ಟುವುದು ಯಾರೆಂದು ಅವನಿಗೆ ಗೊತ್ತು. ನಕ್ಷೆಯೆಂದರೆ ನಂಬರ್ ಪ್ಲೇಟು, ಲಾರಿಯಲ್ಲ.

ಸೂತ್ರ 3: ನಿಟ್ಟು ನೆಲದಿಂದ.

ಭಾಷ್ಯ: ಹಿಂದಿನ ತಿಂಗಳು ಶೆಡ್ಡಿನಿಂದ 96 ಲೋಡು ಹೋಗಿತ್ತು, ಈ ತಿಂಗಳು 100. ಬ್ಯಾಂಕಿನವರು ಬರುವವರಿದ್ದರು. “ಸ್ವಲ್ಪ ಮೇಲಕ್ಕೆ ಹೋದಂಗೆ ಕಾಣ್ಲಿ” ಎಂದು ಸಾವ್ಕಾರ್ರು ಅಪ್ಪಣೆ ಕೊಟ್ಟರು. ವಿದ್ಯಾರ್ಥಿ ಅಳತೆಯನ್ನು ಸೊನ್ನೆಯ ಬದಲು 95ರಿಂದ ಶುರುಮಾಡಿದ. ಹೋದ ತಿಂಗಳ ಕಂಬ ಒಂದು ಚೌಕ, ಈ ತಿಂಗಳದ್ದು ಐದು ಚೌಕ. ಬರೆದದ್ದರಲ್ಲಿ ಒಂದು ಅಂಕಿಯೂ ಸುಳ್ಳಲ್ಲ. ಒಟ್ಟು ಚಿತ್ರದಲ್ಲಿ ಒಂದು ಮಾತೂ ನಿಜವಲ್ಲ.

ಇಲ್ಲೊಂದು ಆಕ್ಷೇಪ. ಆಸ್ಪತ್ರೆಯ ಜ್ವರದ ಚಾರ್ಟು ಸೊನ್ನೆಯಿಂದ ಶುರುವಾಗುತ್ತದೆಯೇ? ಇಲ್ಲ. ಹಾಗೆ ಶುರುವಾದರೆ 98 ಡಿಗ್ರಿಗೂ 103ಕ್ಕೂ ವ್ಯತ್ಯಾಸವೇ ತೋರದೆ ರೋಗಿ ಸಾಯುತ್ತಾನೆ. ನಿಜ. ಆದರೆ ಅದು ಗೆರೆನಕ್ಷೆ. ಗೆರೆಯಲ್ಲಿ ಓದುವುದು ಏರಿಳಿತವನ್ನು. ಕಂಬದಲ್ಲಿ ಓದುವುದು ಉದ್ದವನ್ನು. ಕಾಲು ಕತ್ತರಿಸಿ ಆಳಿನ ಎತ್ತರ ಅಳೆಯುವ ಶಾಸ್ತ್ರ ಎಲ್ಲೂ ಇಲ್ಲ. ನೆಲ ಬಿಟ್ಟು 95ನೇ ಚೀಲದಿಂದ ಗಾಳಿಯಲ್ಲಿ ನಿಟ್ಟು ಹಾಕುವ ಹಮಾಲ ಕರೂರಿನಲ್ಲಿ ಇನ್ನೂ ಹುಟ್ಟಿಲ್ಲ.

ಆಫೀಸಿನ ಗೋಡೆಗೆ ನಕ್ಷೆ ಏರಿತು. ಪಗಾರದ ದಿನ ಮೇಸ್ತ್ರಿ ಅದರ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಸಾವ್ಕಾರ್ರ ಕಡೆ ತಿರುಗಿದ.

“ಐದು ಪಟ್ಟು ಮಾಲು ಹೊತ್ತೀವಂತ ನೀವೇ ಬರ್ಸೀರಿ ಸಾವ್ಕಾರ್ರೇ. ಕೂಲೀನೂ ಇದೇ ಚಾರ್ಟಿನ ಪ್ರಕಾರ ಕೊಟ್ಬಿಡ್ರಿ.”

ಸಾವ್ಕಾರ್ರು ಅರ್ಧ ಲೋಟ ಚಹಾ ಮೇಜಿನ ಮೇಲಿಟ್ಟು ವಿದ್ಯಾರ್ಥಿಯನ್ನು ಕರೆದರು. ಪುಸ್ತಕ, ಪ್ರಾಧ್ಯಾಪಕರು, ಪ್ಲೇಫೇರ್ ಎಲ್ಲರೂ ಸೇರಿ ಮನವರಿಕೆ ಮಾಡಲಾಗದಿದ್ದ ಸೊನ್ನೆಯ ಮಹಿಮೆ ಅವರಿಗೆ ಆ ಗಳಿಗೆಯಲ್ಲಿ ಪೂರ್ತಿ ಸಾಕ್ಷಾತ್ಕಾರವಾಗಿತ್ತು. “ಕೆಳಗಿಂದ ಶುರು ಮಾಡಪ್ಪಾ. ಪೂರ್ತಿ ಕೆಳಗಿಂದ.”

ಫಲಶ್ರುತಿ: ಈ ಭಾಷ್ಯವನ್ನು ಓದಿದವರಿಗೆ ಸರ್ಟಿಫಿಕೇಟೂ, ಕೇಳಿದವರಿಗೆ ಪಡ್ಡೂ ಪ್ರಾಪ್ತಿಯಾಗುತ್ತದೆ.

ಹೊಸ ನಕ್ಷೆಯಲ್ಲಿ ಎರಡು ಕಂಬಗಳು ಹೆಚ್ಚುಕಡಿಮೆ ಸರಿಸಮ ನಿಂತವು. ಬ್ಯಾಂಕಿನವರಿಗೆ ತೋರಿಸಲು ಅದರಲ್ಲಿ ಅಂಥದ್ದೇನೂ ಉಳಿಯಲಿಲ್ಲ. ಬಸ್ಸಿನ ಹೊತ್ತಾಗಿದ್ದರೂ ಮೇಸ್ತ್ರಿ ಅದನ್ನು ನೋಡಿಯೇ ಹೋದ.

“ಈಗ ಕಾಣ್ತೈತಿ ನೋಡು ತಮ್ಮಾ,” ಎಂದ, “ಹೋದ ತಿಂಗಳೂ ನಾವು ಇಷ್ಟೇ ಹೊತ್ತಿದ್ವಿ.”