ಅಲ್ಲಿ ಜೋಡಿ, ಇಲ್ಲಿ ಬಿಡಿ

(ಸಾವನದುರ್ಗದ ತಪ್ಪಲು, ವೀರಭದ್ರಸ್ವಾಮಿ ಗುಡಿಯ ಹೊರಗೆ. ಮಾಗಡಿಯ ದೊಡ್ಡಪ್ಪ, ಅಮೆರಿಕದಿಂದ ಬಂದ ತಮ್ಮನ ಮಗಳು.)

ದೊಡ್ಡಪ್ಪ: ಮೂರು ವರ್ಷಕ್ಕೇ ಅಲ್ಲಿ ಪೌರತ್ವ ಸಿಗುತ್ತೆ ಅಂದಿದ್ದೆಯಲ್ಲವ್ವಾ?

ಮಗಳು: ಗಂಡ ಅಲ್ಲಿನ ಪ್ರಜೆಯಾದ್ರೆ ಹೌದು, ದೊಡ್ಡಪ್ಪ. ಆದ್ರೆ ಆ ಮೂರೂ ವರ್ಷ ಒಟ್ಟಿಗೆ ಸಂಸಾರ ಮಾಡಿದ್ದಕ್ಕೆ ಪುರಾವೆ ಬೇಕು. ಜಂಟಿ ಖಾತೆ, ತೆರಿಗೆ ಲೆಕ್ಕ, ಬಾಡಿಗೆ ಕರಾರು...

ದೊಡ್ಡಪ್ಪ: ಜಗಳ ನಡೆಯಲ್ವಾ? ಒಂದೇ ಮನೇಲಿಲ್ದೆ ಅಷ್ಟೊಂದು ಜಗಳ ಹೆಂಗಾಗುತ್ತೆ?

ಮಗಳು: ಇಲ್ಲಿ ವಿಚ್ಛೇದನದ ಲಾಯರ್ ಕೇಳೋದು ಉಲ್ಟಾ. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಇಬ್ಬರೂ ಒಪ್ಪಿ ಬಿಡಬೇಕಾದ್ರೆ, ಒಂದು ವರ್ಷ ಬೇರೆ ಇದ್ವಿ ಅನ್ಬೇಕು.

ದೊಡ್ಡಪ್ಪ: ಅಲ್ಲಿ ಕೂಡಿದ್ವಿ, ಇಲ್ಲಿ ಬೇರೆ ಇದ್ವಿ! ನೋಡು, ನಮ್ಮ ಸಾವನದುರ್ಗದ ಕರಿಗುಡ್ಡ, ಬಿಳಿಗುಡ್ಡ. ಒಂದೇ ಅಂದ್ರೂ ಸೈ, ಎರಡು ಅಂದ್ರೂ ಸೈ. ಯಾವ ಸಾಹೇಬನೂ ಪುರಾವೆ ಕೇಳಿಲ್ಲ.

ಮಗಳು: ನಂಗೆ ಸುಳ್ಳು ಬೇಡ. ಗ್ರೀನ್ ಕಾರ್ಡಿಗೆ ಐದು ವರ್ಷ ತುಂಬಲಿ. ಗಂಡನ ಹಂಗಿಲ್ಲದೆ ಅರ್ಜಿ ಹಾಕ್ತೀನಿ.

ದೊಡ್ಡಪ್ಪ: ವಿಚ್ಛೇದನ?

ಮಗಳು: ಅರ್ಜಿ ಕೊಟ್ಟ ಮೇಲೆ ಆರು ತಿಂಗಳು ಯೋಚಿಸ್ಬೇಕು. ಅದನ್ನ ಮನ್ನಾ ಮಾಡ್ಬೋದು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ದೊಡ್ಡಪ್ಪ: ಇಲ್ಲಿನ ಪೌರತ್ವ?

ಮಗಳು: ಅಲ್ಲಿ ಪ್ರಜೆಯಾದ ಕೂಡ್ಲೇ ಹೋಗುತ್ತೆ. 1955ರ ಕಾಯ್ದೆ, 9ನೇ ಕಲಂ.

ದೊಡ್ಡಪ್ಪ: ಗಂಡನ್ನ ಬಿಡೋಕೆ ಆರು ತಿಂಗಳು, ದೇಶ ಬಿಡೋಕೆ ಒಂದು ಗಳಿಗೆನೂ ಬೇಡ್ವಾ! ಹೊಲ?

ಮಗಳು: ಅಲ್ಲಿ ಪ್ರಜೆಯಾದೋರಿಗೆ ಇಲ್ಲಿ ಕೊಡೋ ಓಸಿಐ ಕಾರ್ಡ್ ಇಟ್ಕೊಂಡು ಹೊಲ ಕೊಳ್ಳೋ ಹಂಗಿಲ್ಲ. ನಿಮ್ಮ ರಾಗಿ ಹೊಲ ವಾರಸಾ ಬಂದ್ರೆ ಇಟ್ಕೋಬೋದು.

ದೊಡ್ಡಪ್ಪ: ಅಂದ್ರೆ ನಿನ್ನ ಅರ್ಜಿಗಳಲ್ಲೆಲ್ಲ ಬೇಗ ವಿಲೇವಾರಿ ಆಗ್ಬೇಕಾದ ಬಾಬ್ತು ನಾನೇ ಅನ್ನು!